ಬಾಯಲ್ಲಿ ಜಾಣ, ಬರಹದಲ್ಲಿ ಹಿಂದೆ



ಇಪ್ಪತ್ತು ಕಿಲೋ ತೂಗುವ ಇಪ್ಪತ್ನಾಲ್ಕು ಪೆಟ್ಟಿಗೆ ದಾಳಿಂಬೆ. ಕಿಲೋಗೆ 90 ರೂಪಾಯಿ ದರ. ಒಟ್ಟು ಎಷ್ಟೆಂದು ಕೇಳಿದರೆ, ಸೋನ್ಯಾಳದ ಸುತ್ತಿನ ತೋಟಗಳಲ್ಲಿ ಬೆಳೆದ ಐದನೆಯ ತರಗತಿಯ ಮಗುವೊಂದು ಕ್ಷಣದಲ್ಲಿ 43,200 ಎಂದೀತು. ಅದೇ ಲೆಕ್ಕವನ್ನು ಕರಿಹಲಗೆಯ ಮೇಲೆ ಬರೆದು, ಓದಿ ಬಿಡಿಸೆಂದರೆ ಮೊದಲ ಸಾಲಿನಲ್ಲಿಯೇ ತಡವರಿಸೀತು. ಇಂತಹ ಮಗುವಿಗೆ ನಾವು ಸಾಮಾನ್ಯವಾಗಿ ಬರೆಯುವ ಷರಾ: ‘ಜಾಣನಿದ್ದಾನೆ, ಆದರೆ ಸೋಮಾರಿ.’

ಪ್ರತಿಭೆಯೂ ಕಲಿಕಾ ನ್ಯೂನತೆಯೂ ಒಂದೇ ಮಗುವಿನಲ್ಲಿರಬಲ್ಲವು. ಪಾಠವನ್ನು ಒಮ್ಮೆ ಕೇಳಿ ಕಂಠಸ್ಥ ಮಾಡಿಕೊಂಡು ಓದಿದಂತೆ ಒಪ್ಪಿಸುವಾಗ ಬುದ್ಧಿಯು ತೊಡಕನ್ನು ಮರೆಮಾಡುತ್ತದೆ. ಉತ್ತರಪತ್ರಿಕೆಯಲ್ಲಿ ತೊಡಕು ಬುದ್ಧಿಯನ್ನು ಮರೆಮಾಡುತ್ತದೆ. ಮಗು ‘ಸಾಧಾರಣ’ವೆಂದು ಎಣಿಸಲ್ಪಟ್ಟು, ಶಿಷ್ಯವೃತ್ತಿ ಪರೀಕ್ಷೆಯ ಪಟ್ಟಿಯಿಂದ ಹೊರಗುಳಿಯುತ್ತದೆ.

ಗಡಿಭಾಗದ ನಮ್ಮ ಶಾಲೆಗಳಲ್ಲಿ ಈ ಮರೆ ಇನ್ನಷ್ಟು ದಟ್ಟ. ನಮ್ಮ ಮಕ್ಕಳು ಕನ್ನಡ, ಮರಾಠಿ, ಇಂಗ್ಲಿಷ್ ಎಂಬ ಮೂರು ಭಾಷೆಗಳನ್ನು ಮೂರು ಲಿಪಿಗಳಲ್ಲಿ ಕಲಿಯಬೇಕು. ‘ಸೂರ್ಯ’ ಎಂಬ ಒಂದೇ ಪದವನ್ನು ನೋಡಿರಿ. ಕಿವಿಗೆ ರಕಾರ ಮೊದಲು ಕೇಳುತ್ತದೆ; ಕನ್ನಡದಲ್ಲಿ ಅದು ಅರ್ಕಾವೊತ್ತಾಗಿ ಯಕಾರದ ನಂತರ ಬರುತ್ತದೆ, ಮರಾಠಿಯಲ್ಲಿ ಯಕಾರದ ತಲೆಯ ಮೇಲೆ ಕೂರುತ್ತದೆ. ಮಗು ತಪ್ಪಿದಾಗ ‘ಭಾಷೆಯ ಗೊಂದಲ’ವೆಂದು ನಾವು ಸುಮ್ಮನಾಗುತ್ತೇವೆ. ಕನ್ನಡವೇ ಮನೆಮಾತಾದ ಮಗು ಮರಾಠಿಯಲ್ಲಿ ಮಾತ್ರ ಎಡವಿದರೆ ಅದು ಅಭ್ಯಾಸದ ಕೊರತೆಯಿರಬಹುದು. ಮೂರು ವರ್ಷ ಕಲಿತ ಮೇಲೆಯೂ ಕನ್ನಡದಲ್ಲಿಯೇ ಒತ್ತಕ್ಷರ, ದೀರ್ಘಗಳು ತಪ್ಪುತ್ತಿದ್ದು, ಮಾತಿನಲ್ಲಿ ತಿಳಿವಳಿಕೆ ಚುರುಕಾಗಿದ್ದರೆ ತಜ್ಞರ ಪರೀಕ್ಷೆ ಅಗತ್ಯ.

ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ, 2016 ನಿರ್ದಿಷ್ಟ ಕಲಿಕಾ ನ್ಯೂನತೆಯನ್ನು ತನ್ನ 21 ವಿಧಗಳಲ್ಲಿ ಒಂದಾಗಿ ಸೇರಿಸಿದೆ. ಪ್ರಮಾಣಪತ್ರವಿದ್ದರೆ ಹತ್ತನೆಯ ತರಗತಿಯ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಲಿಪಿಕಾರರ ನೆರವು ಮುಂತಾದ ಸವಲತ್ತುಗಳು ದೊರೆಯುತ್ತವೆ. ‘ಅಂಗವಿಕಲ’ ಎಂಬ ಪದಕ್ಕೆ ಪಾಲಕರು ಬೆದರುವುದು ಸಹಜ. ಅವರಿಗೆ ಮೊದಲು ಮಗುವಿನ ಜಾಣ್ಮೆಯನ್ನು ಹೇಳಿ, ಅನಂತರ ತೊಡಕನ್ನು ಹೇಳಿರಿ.

ಇನ್ನೊಂದು ಮಾತು. ಶುದ್ಧಬರಹದ ಅಭ್ಯಾಸಕ್ಕಾಗಿ ಇಂತಹ ಮಗುವನ್ನು ವಿಜ್ಞಾನದ ಪ್ರಯೋಗದಿಂದಲೋ ಚಿತ್ರಕಲೆಯಿಂದಲೋ ಎಬ್ಬಿಸಿ ಕಳಿಸುವ ರೂಢಿ ನನಗೆ ಒಪ್ಪಿಗೆಯಿಲ್ಲ. ತಾನು ಗೆಲ್ಲುವ ಒಂದೇ ತಾಸನ್ನು ಕಳೆದುಕೊಂಡ ಮಗು ಶಾಲೆಗೆ ಏಕೆ ಬರಬೇಕು?

ಪ್ರಮಾಣಪತ್ರಕ್ಕಾಗಿ ಕಾಯಬೇಕಿಲ್ಲ. ಮುಂದಿನ ಘಟಕ ಪರೀಕ್ಷೆಯಾದ ಮೇಲೆ ಅವೇ ಪ್ರಶ್ನೆಗಳನ್ನು ಓದಿ ಹೇಳಿ, ಉತ್ತರಗಳನ್ನು ಬಾಯಿಂದ ಕೇಳಿರಿ. ಬರಹದ ಅಂಕ, ಮಾತಿನ ಅಂಕ ಎರಡನ್ನೂ ಪಕ್ಕಪಕ್ಕದಲ್ಲಿ ದಾಖಲಿಸಿರಿ. ತಜ್ಞರಲ್ಲಿಗೆ ಹೋಗುವಾಗ ಆ ಹಾಳೆ ಪಾಲಕರ ಕೈಯಲ್ಲಿರಲಿ.