ಬಿಡುವಿನ ವೇಳೆಯ ಮಗ್ಗ

(ಸಂಘದ ಭಾನುವಾರದ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮ ಸಭೆ ಎಂದರೆ ಪಗಾರ, ಬೋನಸ್ಸು, ಬಾಕಿ ಹಣ, ಇವುಗಳ ಮಾತು ನಡೆಯುವುದು ವಾಡಿಕೆ. ಕಾರ್ಯಕಾರಿ ಸಮಿತಿಯವರು ಈ ಸಲ ಬೇರೊಂದು ವಿಷಯ ಕೊಟ್ಟಿದ್ದಾರೆ: ಬಿಡುವಿನ ವೇಳೆಯ ಕೈಕಸುಬು. ನಾನು ಏಳನೆಯ ಇಯತ್ತೆ ಮುಗಿಸಿ, ಕಪ್ಪು-ಬಸಿ ತೊಳೆಯುತ್ತ ಮುಂಬಯಿ ಕಂಡವನು. ಪಂಡಿತರ ಹಾಗೆ ಮಾತಾಡಲು ನನಗೆ ಬಾರದು. ಕಣ್ಣಾರೆ ಕಂಡದ್ದನ್ನೂ ಹಿರಿಯರಿಂದ ಕೇಳಿ ತಿಳಿದದ್ದನ್ನೂ ನಿಮ್ಮ ಮುಂದಿಡುತ್ತೇನೆ.

ಹಿಂದೆ ಕುಳಿತ ಮಾಣಿಗಳ ಮುಖ ನೋಡಿದರೆ ಅವರ ಮನಸ್ಸಿನ ಪ್ರಶ್ನೆ ನನಗೆ ತಿಳಿಯುತ್ತದೆ. "ಬೆಳಗಿನ ಐದಕ್ಕೆ ಎದ್ದು ರಾತ್ರಿ ಹನ್ನೊಂದಕ್ಕೆ ಮೇಜು ಒರೆಸಿ ಮಲಗುವ ನಮಗೆ ಮಗ್ಗದ ಮಾತೇಕೆ?" ಎಂದು. ಪ್ರಶ್ನೆ ನ್ಯಾಯವಾದದ್ದು. ಅದಕ್ಕೆ ಉತ್ತರ ಕೊಡದೆ ನಾನು ಕೆಳಗಿಳಿಯುವುದಿಲ್ಲ.

ಹೋದ ವರ್ಷ, ಗಿರಣಿ ಕಾಮಗಾರರ ಮನೆಯ ಅರ್ಜಿಗೆ ಬೇಕಾದ ಕಾಗದಪತ್ರ ಕೂಡಿಸುವುದಕ್ಕಾಗಿ ನಾನು ಬಾಗಲಕೋಟೆ ಜಿಲ್ಲೆಯ ಕೆಲವು ಹಳ್ಳಿಗಳಿಗೆ ಹೋಗಿದ್ದೆ. ಅಲ್ಲಿ ಒಬ್ಬ ಹಿರಿಯರ ಮನೆಯಲ್ಲಿ ಎರಡು ದಿನ ಉಳಿದೆ. ಅವರ ಹೆಸರು ಬೇಡ. ಊರಲ್ಲಿ ಎಲ್ಲರೂ ಅವರನ್ನು ಕಾಕಾ ಎನ್ನುತ್ತಾರೆ, ನಾನೂ ಹಾಗೆಯೇ ಕರೆದೆ. ಪ್ರಾಯದಲ್ಲಿ ಲಾಲಬಾಗದ ಒಂದು ಗಿರಣಿಯ ಸಾಂಚಾ ಖಾತೆಯಲ್ಲಿ ಏಕಕಾಲಕ್ಕೆ ನಾಲ್ಕು ಸಾಂಚೆ ನೋಡಿಕೊಂಡವರು. 1982ರ ಜನವರಿ 18ರಂದು ಡಾ. ದತ್ತಾ ಸಾಮಂತರ ನೇತೃತ್ವದಲ್ಲಿ ಸುಮಾರು ಎರಡೂವರೆ ಲಕ್ಷ ಗಿರಣಿ ಕಾಮಗಾರರು ಮುಷ್ಕರ ಹೂಡಿದರಲ್ಲ, ಅದರಲ್ಲಿ ಕಾಕಾನೂ ಒಬ್ಬರು. ವರ್ಷ ಕಳೆದರೂ ಗಿರಣಿಯ ಬಾಗಿಲು ಅವರಿಗೆ ತೆರೆಯಲಿಲ್ಲ. ಹೆಂಡತಿ ಮಕ್ಕಳೊಡನೆ ಊರಿಗೆ ಮರಳಿದರು. ಕೂಲಿ ಮಾಡಿ, ಮೂರೆಕರೆ ಒಣಭೂಮಿ ಉತ್ತು, ಮಕ್ಕಳನ್ನು ದಡ ಸೇರಿಸಿದರು. ಈಗ ಎಪ್ಪತ್ತು ದಾಟಿದೆ. ಮನೆಯ ಪಡಸಾಲೆಯಲ್ಲಿ ತಂದೆಯ ಕಾಲದ ಕುಣಿಮಗ್ಗವನ್ನು ಮತ್ತೆ ಹೂಡಿ ಕಂಬಳಿ ನೇಯುತ್ತಾರೆ. ಮಾರಾಟಕ್ಕಲ್ಲ. ಮಗಳಿಗೊಂದು, ಮೊಮ್ಮಗನಿಗೊಂದು, ಬೀರದೇವರ ಗುಡಿಗೊಂದು.

ಕಂಬಳಿ ಹೇಗೆ ಆಗುತ್ತದೆಂಬುದು ಕರಾವಳಿಯಿಂದ ಬಂದ ನಮ್ಮಂಥವರಿಗೆ ಗೊತ್ತಿರುವುದಿಲ್ಲ; ಆದುದರಿಂದ ಹೇಳುತ್ತೇನೆ. ಉಣ್ಣೆ ದಖ್ಖನಿ ಕುರಿಯದು. ವರ್ಷಕ್ಕೆ ಎರಡು ಸಲ ಕತ್ತರಿಸುತ್ತಾರೆ. ಒಂದು ಕುರಿಯಿಂದ ಒಂದು ಸಲಕ್ಕೆ ಒಂದು ಕಿಲೋ ಕೂಡ ಬರುವುದಿಲ್ಲ. ಒಂದು ಕಂಬಳಿಗೆ ಹಲವು ಕುರಿಗಳ ಉಣ್ಣೆ ಕೂಡಬೇಕು. ಕಸ, ಮುಳ್ಳು ಆಯ್ದು, ಬಿಲ್ಲಿನಿಂದ ಹಿಂಜಿ, ರಾಟೆಯಲ್ಲಿ ನೂಲುತ್ತಾರೆ. ನೂಲುವುದು ಹೆಂಗಸರ ಕೆಲಸ. ಅವರಿಲ್ಲದೆ ಮಗ್ಗ ಅಲ್ಲಾಡದು. ಹಾಸಿನ ನೂಲಿಗೆ ಹುಣಸೆಬೀಜದ ಗಂಜಿ ಹಚ್ಚಿ ಓಣಿಯಲ್ಲಿ ಉದ್ದಕ್ಕೆ ಚಾಚಿ ಒಣಗಿಸುತ್ತಾರೆ. ಗಂಜಿ ಉಂಡ ನೂಲು ಎಳೆದರೂ ಹರಿಯುವುದಿಲ್ಲ, ನುಣುಪೂ ಆಗುತ್ತದೆ. ಆಮೇಲೆ ಕುಣಿಯಲ್ಲಿ ಕಾಲಿಳಿಬಿಟ್ಟು ಕುಳಿತು, ಲಾಳಿಯನ್ನು ಕೈಯಿಂದ ಕೈಗೆ ಎಸೆದು ಹೊಕ್ಕು ಹಾಕುವುದು, ಮರದ ಪಟ್ಟಿಯಿಂದ ಬಡಿದು ಕೂಡಿಸುವುದು. ಮಗ್ಗ ಕಿರಿದಾದರೆ ಪಟ್ಟಿಪಟ್ಟಿಯಾಗಿ ನೇಯ್ದು, ಅಂಚಿಗಂಚು ಕೂಡಿಸಿ ಹೊಲಿಯುತ್ತಾರೆ. ಬಣ್ಣದ ಗೊಡವೆ ಇಲ್ಲ. ಕುರಿಯ ಕಪ್ಪು, ಕಂದು, ಬೂದಿ ಬಣ್ಣವೇ ಕಂಬಳಿಯ ಬಣ್ಣ. ಉಣ್ಣೆಯ ಜಿಡ್ಡಿನಿಂದ ನೀರು ಬೇಗ ಒಳಗೆ ಇಳಿಯುವುದಿಲ್ಲ. ಆದುದರಿಂದಲೇ ಕುರುಬರು ಮಳೆಯಲ್ಲಿ ಕಂಬಳಿಕೊಪ್ಪೆ ಹಾಕಿಕೊಂಡು ಮಂದೆಯ ಹಿಂದೆ ನಿಲ್ಲುತ್ತಾರೆ.

ನಾನು ಕಾಕಾನನ್ನು ಕೇಳಿದೆ: "ಗಿರಣಿಯಲ್ಲಿ ದಿನಕ್ಕೆ ಅಷ್ಟೊಂದು ವಾರ ಬಟ್ಟೆ ತೆಗೆದವರು ನೀವು. ಇಲ್ಲಿ ಒಂದು ಕಂಬಳಿಗೆ ತಿಂಗಳು ಹಿಡಿಯುತ್ತದಲ್ಲ, ಬೇಸರವಿಲ್ಲವೆ?" ಅವರು ಲಾಳಿ ನಿಲ್ಲಿಸಿ ನಕ್ಕರು. "ತಮ್ಮಾ, ಅಲ್ಲಿ ನಾಕು ಸಾಂಚೇದ ನಡುವ ಓಡಾಡಿ ಹರದ ಎಳಿ ಕೂಡಸೋದೊಂದ ಗೊತ್ತಿತ್ತು. ಆ ಅರಿವಿ ಯಾರ ಮೈಮ್ಯಾಲ ಹೋತು, ನನಗೇನ ಗೊತ್ತು? ಇದು ನನ್ನ ಮೊಮ್ಮಗ ಹೊತ್ಕೊಂಡು ಮಲಗೋದನ್ನ ನಾ ನೋಡ್ತೀನಿ," ಎಂದರು.

ಬಂಧುಗಳೇ, ಇದು ಸಣ್ಣ ಮಾತಲ್ಲ. 1928ರಲ್ಲಿ ಮುಂಬಯಿಯ ಗಿರಣಿಗಳಲ್ಲಿ ಆರು ತಿಂಗಳ ಮುಷ್ಕರ ನಡೆಯಿತು. ಅದರ ಕಾರಣಗಳಲ್ಲಿ ಮುಖ್ಯವಾದದ್ದು, ಎರಡು ಸಾಂಚೆ ನೋಡುವವನು ಇನ್ನು ಮುಂದೆ ಮೂರು ನೋಡಬೇಕೆಂದು ಮಾಲಿಕರು ಹೊರಟದ್ದು. ಸಾಂಚೆ ಹೆಚ್ಚಿದಷ್ಟೂ ನೇಕಾರನ ಕಣ್ಣು ಬಟ್ಟೆಯಿಂದ ದೂರವಾಯಿತು. ಮೈಗೆ ದಣಿವಾದರೆ ಅನ್ನ ನಿದ್ದೆಗಳಿಂದ ಹೋಗುತ್ತದೆ. ತನ್ನ ಕೆಲಸ ತನ್ನದಲ್ಲ ಎಂಬ ದಣಿವು ಅವುಗಳಿಂದ ಹೋಗುವುದಿಲ್ಲ.

ಇನ್ನು ಕಾಕಾನ ಮನೆಯ ತಾಯಿಯ ಮಾತು. ಅವರು ಕೌದಿ ಹೊಲಿಯುತ್ತಾರೆ. ಹಳೆಯ ಸೀರೆ, ಧೋತರ, ಅಂಗಿಯ ತುಂಡುಗಳನ್ನು ಪದರಪದರವಾಗಿ ಹಾಸಿ, ಅಂಚಿನಿಂದ ಸುತ್ತುತ್ತ ಹೊಲಿಗೆ ಹಾಕುತ್ತಾರೆ. ಸುಗ್ಗಿ ಮುಗಿದ ಮೇಲೆ, ಬಿಸಿಲಿನ ಹೊತ್ತಿನಲ್ಲಿ ನಾಲ್ಕು ಮನೆಯ ಹೆಂಗಸರು ಒಂದೆಡೆ ಕೂತು ಕೆಲಸ ನಡೆಯುತ್ತದೆ. ನಾನು ಹೊದ್ದ ಕೌದಿಯಲ್ಲಿ ಒಂದು ಖಾಕಿ ತುಂಡಿತ್ತು. ಅದು ಕಾಕಾ ಗಿರಣಿಗೆ ಹಾಕಿಕೊಂಡು ಹೋಗುತ್ತಿದ್ದ ಅಂಗಿಯದಂತೆ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರದ ಕಡೆ ಸಿದ್ದಿ ಹೆಂಗಸರು ಹೊಲಿಯುವ ಕವಂದಿಯೂ ಇದೇ ಜಾತಿಯದು. ನಾಲ್ಕು ಮೂಲೆಗಳಲ್ಲಿ ಮಡಿಚಿದ ಮುಮ್ಮೂಲೆ ತುಂಡುಗಳನ್ನು ಹೂವಿನಂತೆ ಕೂಡಿಸದೆ ಅವರು ಕವಂದಿ ಮುಗಿಯಿತೆನ್ನುವುದಿಲ್ಲ. ಧಾರವಾಡದ ಕಡೆಯ ಕಸೂತಿ ನಿಮಗೆ ಗೊತ್ತೇ ಇದೆ: ಗವಂತಿ, ಮುರ್ಗಿ, ನೇಗಿ, ಮೆಂತೆ ಎಂದು ನಾಲ್ಕು ಬಗೆ. ಬಟ್ಟೆಯ ಎಳೆ ಎಣಿಸಿ ಹಾಕುವ ಹೊಲಿಗೆ, ಗಂಟು ಹಾಕುವಂತಿಲ್ಲ. ಇವನ್ನೆಲ್ಲ ಹುಟ್ಟಿಸಿದವರು ಶಾಲೆ ಕಲಿತವರಲ್ಲ, ಮನೆಗೆಲಸ ಮುಗಿಸಿ ಕೂತ ಹೆಂಗಸರು.

ಮನೆಯ ಹಿತ್ತಲಲ್ಲಿ ಒಂದು ಎಮ್ಮೆ, ಹತ್ತು ಹನ್ನೆರಡು ಕುರಿ. ದನಕರು ಸಾಕಿದವನಿಗೆ ಭಾನುವಾರವಿಲ್ಲವೆಂಬುದನ್ನು ಊರಿನಿಂದ ಬಂದ ನಿಮಗೆ ನಾನು ಹೇಳಬೇಕಾಗಿಲ್ಲ. ಕುರಿಯಿಂದ ಉಣ್ಣೆ ಮಾತ್ರವಲ್ಲ, ಗೊಬ್ಬರವೂ ಉಂಟು. ಸುಗ್ಗಿಯ ನಂತರ ಹೊಲದಲ್ಲಿ ರಾತ್ರಿ ಮಂದೆ ನಿಲ್ಲಿಸಿದರೆ ರೈತರು ಕುರುಬರಿಗೆ ಕಾಳೋ ಹಣವೋ ಕೊಡುತ್ತಾರೆ. ಆದರೆ ಉಣ್ಣೆಗೆ ಈಗ ಬೆಲೆಯಿಲ್ಲ. ಎಷ್ಟೋ ಕಡೆ ಕತ್ತರಿಸಿದ ಕೂಲಿಯೂ ಹುಟ್ಟುವುದಿಲ್ಲ. ಆದುದರಿಂದ ಮಾಂಸ ಹೆಚ್ಚು ಬರುವ, ಉಣ್ಣೆ ಇಲ್ಲದ ತಳಿಗಳನ್ನು ಸಾಕುವವರು ಹೆಚ್ಚುತ್ತಿದ್ದಾರೆ. ದಖ್ಖನಿ ಕುರಿ ಕಡಿಮೆಯಾದರೆ ಕಂಬಳಿಯೂ ಕಡಿಮೆಯಾಗುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಹೇಳಬೇಕು. ಪೇಟೆಯ ದೊಡ್ಡ ಜನ ಕೈಮಗ್ಗದ ಸೊಗಸನ್ನು ಬಾಯ್ತುಂಬ ಹೊಗಳುವುದುಂಟು. ಮಗ್ಗವನ್ನೇ ನಂಬಿ ಬದುಕುವವನ ಒಲೆ ಹೊತ್ತಿದೆಯೇ ಎಂದು ಅವರು ಕೇಳುವುದಿಲ್ಲ. 2019-20ರ ನಾಲ್ಕನೆಯ ಅಖಿಲ ಭಾರತ ಕೈಮಗ್ಗ ಗಣತಿಯಲ್ಲಿ ಕೈಮಗ್ಗದ ಕುಟುಂಬಗಳು 31 ಲಕ್ಷಕ್ಕೂ ಹೆಚ್ಚು. ನೇಕಾರ ಕುಟುಂಬಗಳಲ್ಲಿ ಮೂರರಲ್ಲಿ ಎರಡರಷ್ಟಕ್ಕೆ ತಿಂಗಳ ಆದಾಯ ಐದು ಸಾವಿರ ರೂಪಾಯಿಗೂ ಕಡಿಮೆ. ಕಾಕಾನಿಗೆ ಮಗ್ಗ ಸಂತೋಷ ಕೊಡುತ್ತಿದೆ, ಏಕೆಂದರೆ ಅವರ ಮಗ ಮನೆಗೆ ಹಣ ತರುತ್ತಾನೆ. ಕಂಬಳಿ ಮಾರಿ ಅಕ್ಕಿ-ಜೋಳ ಕೊಳ್ಳಬೇಕಾದವನಿಗೆ ಅದೇ ಮಗ್ಗ ನೊಗವಾಗುತ್ತದೆ. ಹವ್ಯಾಸದ ನೇಕಾರನನ್ನು ಹೊಗಳುವಾಗ ಹೊಟ್ಟೆಪಾಡಿನ ನೇಕಾರನ ಕೂಲಿಯ ಪ್ರಶ್ನೆಯನ್ನು ನಾವು ಮರೆಯತಕ್ಕದ್ದಲ್ಲ.

ಈಗ ಮಾಣಿಗಳ ಪ್ರಶ್ನೆಗೆ ಬರುತ್ತೇನೆ. ಹವ್ಯಾಸಕ್ಕೆ ಮೊದಲು ಬೇಕಾದ್ದು ನೂಲಲ್ಲ, ಹೊತ್ತು. ಅದನ್ನು ಯಾರೂ ನಮಗೆ ಧರ್ಮಕ್ಕೆ ಕೊಟ್ಟಿಲ್ಲ. ನಾರಾಯಣ ಮೇಘಾಜಿ ಲೋಖಂಡೆಯವರು 1884ರಲ್ಲಿ ಇದೇ ಮುಂಬಯಿಯಲ್ಲಿ ಗಿರಣಿ ಕಾಮಗಾರರ ಸಭೆ ಕೂಡಿಸಿ ವಾರದ ರಜೆ ಕೇಳಿದರು. ಅದು ದೊರೆತದ್ದು 1890ರ ಜೂನ್ 10ರಂದು. ಆ ಆರು ವರ್ಷ ಅವರು ಸುಮ್ಮನೆ ಕೂರಲಿಲ್ಲ. ಕಾರಖಾನೆಯ ಕಾನೂನಿನಲ್ಲಿ ವಾರದ ದುಡಿತ 1922ರಲ್ಲಿ 60 ತಾಸಿಗೆ, 1934ರ ಕಾನೂನಿನಿಂದ 54ಕ್ಕೆ, 1946ರ ತಿದ್ದುಪಡಿಯಿಂದ 48ಕ್ಕೆ ಇಳಿಯಿತು. ಇಳಿದ ಒಂದೊಂದು ತಾಸಿನ ಹಿಂದೆಯೂ ಸಂಘಟನೆಯ ಬೆವರಿದೆ. ಅಂಗಡಿ ಹೋಟೆಲುಗಳ ನೌಕರರಿಗೂ ವಾರಕ್ಕೊಂದು ದಿನದ ರಜೆ ಕಾನೂನಿನಲ್ಲಿದೆ. ಎಷ್ಟು ಜನ ಹುಡುಗರಿಗೆ ಅದು ಸಿಕ್ಕುತ್ತಿದೆ? ಕೈಯೆತ್ತಿ ಎಂದರೆ ಈ ಸಭೆಯಲ್ಲಿ ಎಷ್ಟು ಕೈ ಏಳುತ್ತವೆಂದು ನನಗೂ ಗೊತ್ತು, ನಿಮಗೂ ಗೊತ್ತು.

ಆದುದರಿಂದ ಮಾಣಿ ತಮ್ಮಂದಿರೇ, ನಿಮಗೆ ಮಗ್ಗದ ಮಾತೇಕೆಂದರೆ, ಮಗ್ಗಕ್ಕೆ ಕೂರುವಷ್ಟು ಹೊತ್ತು ನಿಮ್ಮದೆಂದು ನೀವು ಕೇಳಬೇಕು ಎಂಬುದಕ್ಕೆ. ರಜೆಯಲ್ಲಿ ಏನು ಮಾಡುತ್ತೀಯೆಂದು ಧಣಿ ಕೇಳಿದರೆ, "ನಿದ್ದೆ ಮಾಡುತ್ತೇನೆ" ಎನ್ನುವುದೂ ನಿಮ್ಮ ಹಕ್ಕೇ. ಆದರೆ ರಜೆಯ ದಿನವೂ ಹೋಟೆಲಿನ ಮೆಟ್ಟಿಲ ಮೇಲೇ ಕೂತು ಇಸ್ಪೀಟಿನಲ್ಲಿ ಕಳೆದರೆ, ಗೆದ್ದ ಹೊತ್ತು ಜಾರಿಹೋಗುತ್ತದೆ. ನಮ್ಮ ಹಿರಿಯ ತಲೆಮಾರಿನ ಹೋಟೆಲು ಹುಡುಗರು ಆ ಹೊತ್ತಿನಲ್ಲಿ ರಾತ್ರಿಶಾಲೆಗೆ ಹೋಗಿ ಮ್ಯಾಟ್ರಿಕ್ ಆದರು. ಪುಸ್ತಕ ಒಗ್ಗದವನಿಗೆ ಕೈಕಸುಬಾದರೂ ಒಗ್ಗೀತು.

ನನಗೆ ಬರುವುದಿಲ್ಲವೆಂದು ಹಿಂಜರಿಯಬೇಡಿ. ಗಾಂಧೀಜಿ ರಾಟೆಯ ಮಾತನ್ನು ಮೊದಲು ಬರೆದಾಗ ರಾಟೆಯನ್ನು ಕಂಡೇ ಇರಲಿಲ್ಲ. 1915ರಲ್ಲಿ ಆಫ್ರಿಕಾದಿಂದ ಮರಳಿ ಬಂದಾಗಲೂ ಕಂಡಿರಲಿಲ್ಲ. ಇದನ್ನು ತಮ್ಮ ಆತ್ಮಕಥೆಯಲ್ಲಿ ಅವರೇ ಬರೆದಿದ್ದಾರೆ. ಆಶ್ರಮದಲ್ಲಿ ಮಗ್ಗ ಹೂಡಿದಾಗ ಕಲಿಸಲು ಪಾಲನಪುರದಿಂದ ನೇಕಾರನನ್ನು ಕರೆಸಬೇಕಾಯಿತು. ಕಲಿಯುವುದಕ್ಕೆ ವಯಸ್ಸಿಲ್ಲ.

ನನ್ನ ಸೂಚನೆಗಳು ಮೂರು. ಒಂದು, ಸಂಘದ ಕೋಣೆಯಲ್ಲಿ ಭಾನುವಾರ ಮಧ್ಯಾಹ್ನ ಎರಡು ತಾಸು ಹೊಲಿಗೆಯ ವರ್ಗ. ಒಂದು ಹಳೆಯ ಹೊಲಿಗೆ ಯಂತ್ರ ಇದ್ದೇ ಇದೆ. ಪಟ್ಟಾ ಬದಲಿಸಿದರೆ ಸಾಕು. ಹರಿದ ಸಮವಸ್ತ್ರಗಳನ್ನೂ ಹಳೆಯ ಮೇಜುಬಟ್ಟೆಗಳನ್ನೂ ತನ್ನಿ. ಚಾಳಿನ ತಾಯಂದಿರು ಕೌದಿ ಕಲಿಸಲು ಒಪ್ಪಿದ್ದಾರೆ. ಎರಡು, ಸಣ್ಣ ಚೌಕಟ್ಟಿನ ಮಗ್ಗ. ಎರಡು ಮೊಳದ ನಾಲ್ಕು ಮರದ ಪಟ್ಟಿ ಕೂಡಿಸಿ, ಮೇಲಿನ ಕೆಳಗಿನ ಪಟ್ಟಿಗೆ ಅರ್ಧ ಅಂಗುಲಕ್ಕೊಂದು ಮೊಳೆ ಹೊಡೆದು, ಗಟ್ಟಿ ನೂಲನ್ನು ಬಿಗಿಯಾಗಿ ಸುತ್ತಿದರೆ ಹಾಸು ಸಿದ್ಧ. ಹಳೆಯ ಸೀರೆಯನ್ನು ಪಟ್ಟಿ ಹರಿದು ಒಂದು ಎಳೆಯ ಮೇಲೆ, ಒಂದು ಎಳೆಯ ಕೆಳಗೆ ದಾಟಿಸಿ, ಬಾಚಣಿಗೆಯಿಂದ ಒತ್ತಿರಿ. ಕೂರುವುದಕ್ಕೊಂದು ಆಸನವಾಗುತ್ತದೆ. ಗಿರಣಿಯ ಹಿರಿಯರು ಕಲಿಸಲಿ, ಹೋಟೆಲಿನ ಹುಡುಗರು ಕಲಿಯಲಿ. ಎರಡು ಪಂಗಡಗಳ ನಡುವೆ ಒಂದಿಷ್ಟು ಹಾಸುಹೊಕ್ಕು ಆಗಲಿ. ಮೂರು, ವರ್ಗಕ್ಕೆ ಬರಲು ರಜೆ ಸಿಗದವರು ತಮ್ಮ ಹೆಸರನ್ನೂ ಹೋಟೆಲಿನ ಹೆಸರನ್ನೂ ಕಾರ್ಯದರ್ಶಿಗಳಲ್ಲಿ ಗುಟ್ಟಾಗಿ ಬರೆಸಬೇಕು. ಆ ಪಟ್ಟಿ ಹಿಡಿದು ಧಣಿಗಳಲ್ಲಿಗೆ ಹೋಗುವುದು ಸಂಘದ ಕೆಲಸ. ಮೊದಲು ವಿನಯದಿಂದ, ಆಮೇಲೆ ಕಾನೂನಿನಿಂದ.

ಕಾಕಾನ ಅರ್ಜಿ ಇನ್ನೂ ಸರಕಾರದ ಕಚೇರಿಯಲ್ಲಿದೆ. ಅದರ ಬೆನ್ನು ಹತ್ತುವುದನ್ನೂ ನಾವು ಬಿಡುವುದಿಲ್ಲ. ಹೆಸರು ಬರೆಸುವವರು ಚಹಾ ಕುಡಿದು ಹೋಗುವ ಮೊದಲೇ ಬರೆಸಿರಿ.