ನಂಟು ಎಂಬ ಖರ್ಚಿನ ಬಾಬತ್ತು

ಎರಡು ವರ್ಷದ ಹಿಂದಿನ ಮಾತು. ಒಂದು ಬೆಳಿಗ್ಗೆ ನಮ್ಮ ಹಿತ್ತಿಲ ಬಟ್ಟೆಹಗ್ಗದ ತುದಿಯಲ್ಲಿ ಕಸದಂಥದ್ದೇನೋ ನೇತಾಡುತ್ತಿತ್ತು. ಜೇಡರ ಬಲೆ, ಒಣಹುಲ್ಲಿನ ಎಳೆ, ತೊಗಟೆಯ ಚೂರು, ಎಲ್ಲಿಂದಲೋ ಹಾರಿಬಂದ ಹತ್ತಿ. ಅಮ್ಮ ಪೊರಕೆ ತಂದು ಇನ್ನೇನು ಕೆಡವಬೇಕು, ದಾಸವಾಳದ ಗಿಡದಿಂದ ಒಂದು ಹಕ್ಕಿ ಚಿಕ್ ಚಿಕ್ ಎಂದು ಗದರಿತು. ಹೆಬ್ಬೆರಳಿನಷ್ಟು ಮೈ, ಬಾಗಿದ ಕೊಕ್ಕು. ಸೂರಕ್ಕಿ. "ಇರೋದೊಂದು ಹಗ್ಗ, ಅದರ ಮೇಲೇ ಬಿತ್ತಾ ಇದರ ಕಣ್ಣು" ಎಂದು ಗೊಣಗುತ್ತ ಅಮ್ಮ ಪೊರಕೆ ಕೆಳಗಿಟ್ಟರು.

ಅಲ್ಲಿಂದ ತಿಂಗಳಿಗೂ ಮೇಲೆ ನಮ್ಮ ಮನೆಯ ಒದ್ದೆ ಬಟ್ಟೆಗಳಿಗೆ ವನವಾಸ. ಕುರ್ಚಿಯ ಬೆನ್ನು, ಕಿಟಕಿಯ ಸರಳು, ಮಂಚದ ಕಾಲು, ಎಲ್ಲಿ ನೋಡಿದರೂ ಲುಂಗಿ, ಟವೆಲು. ಹಿತ್ತಿಲ ಬಾಗಿಲು ಧಡ್ ಎಂದರೆ ಅಮ್ಮನ ಕಣ್ಣು ಕೆಂಪಾಗುತ್ತಿತ್ತು. ಗೂಡಿನ ಬಾಗಿಲ ಮೇಲೆ ಪುಟ್ಟದೊಂದು ಮಾಡು, ಒಳಗೆ ಎರಡು ಮೊಟ್ಟೆ, ಹೊರಗೆ ಚಾಚಿದ ತಾಯಿಯ ಕೊಕ್ಕು. ಒಂದು ಮಧ್ಯಾಹ್ನ ಕಾಗೆಯೊಂದು ಕಾಂಪೌಂಡಿನ ಮೇಲೆ ಕೂತು ಕತ್ತು ಓರೆ ಮಾಡಿತು. ಊಟದ ನಂತರದ ನಿದ್ದೆಯನ್ನು ಯಾವ ನೆಂಟರಿಗೂ ಬಿಟ್ಟುಕೊಡದ ಅಮ್ಮ, ಕೋಲು ಹಿಡಿದು ಹಿತ್ತಿಲಿಗೆ ಓಡಿದರು.

ಮನೆಯಲ್ಲಿ ಹಕ್ಕಿಗಳ ಪುಸ್ತಕ ಇಟ್ಟುಕೊಂಡಿರುವುದು ನಾನು. ಸೂರಕ್ಕಿ ಎಂಬ ಹೆಸರು ಹೇಳಿದ್ದೂ ನಾನೇ. ಮೊದಲ ದಿನ ಫೋಟೋ ತೆಗೆದೆ, ನಾಲ್ಕು ಜನರಿಗೆ ಕಳಿಸಿದೆ, ನನ್ನ ಕೆಲಸಕ್ಕೆ ಹೋದೆ. ನಂಟು ಬೆಳೆದದ್ದು ಮಾತ್ರ ಹಗ್ಗ ಬಿಟ್ಟುಕೊಟ್ಟವರಿಗೆ.

ಇದು ಯಾಕೆ ಹೀಗೆ ಎಂದು ಯೋಚಿಸುವಾಗಲೆಲ್ಲ ನನಗೆ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರು ನೆನಪಾಗುತ್ತದೆ. ಶಿಂಷಾ ನದಿಯ ಬಳಿಯ ಊರು. ಚಳಿಗಾಲದ ಹೊತ್ತಿಗೆ ಬಣ್ಣದ ಕೊಕ್ಕರೆಗಳೂ ಹೆಜ್ಜಾರ್ಲೆಗಳೂ ಅಲ್ಲಿಗೆ ಬಂದಿಳಿಯುತ್ತವೆ. ಕಾಡಿಗಲ್ಲ, ಕೆರೆಯ ನಡುಗಡ್ಡೆಗಲ್ಲ, ನಟ್ಟನಡುವೆ ಊರೊಳಗೆ. ಮನೆಗಳ ಹಿತ್ತಿಲಿನ ಹುಣಸೆ, ಬೀದಿಯ ಅರಳಿ, ಅತ್ತಿ, ಆಲ, ಇವುಗಳ ಮೇಲೆ ಗೂಡು. ಕೆಳಗೆ ಎತ್ತಿನ ಗಾಡಿ, ಬಸ್ಸು, ಮಕ್ಕಳ ಗಲಾಟೆ. ಮೇಲೆ ಬಾಣಂತನ. ಬಾಣಂತನ ಎಂಬುದು ನಾನು ಹಾಕಿದ ಮಾತಲ್ಲ. ತವರಿಗೆ ಹೆರಿಗೆಗೆ ಬಂದ ಹೆಣ್ಣುಮಕ್ಕಳು ಎಂದೇ ಊರವರು ಈ ಹಕ್ಕಿಗಳನ್ನು ಕಾಣುವುದು. ಹಿಂದೆ ಊರು ಹೊಳೆಯ ದಂಡೆಯಲ್ಲಿತ್ತಂತೆ. 1916ರ ಸುಮಾರಿಗೆ ಪ್ಲೇಗ್ ಬಂದು ಜನ ಈಗಿನ ಜಾಗಕ್ಕೆ ಬಂದಾಗ ಹಕ್ಕಿಗಳೂ ಹಿಂದೆಯೇ ಬಂದವು ಎಂದು ಹಿರಿಯರು ಹೇಳುತ್ತಾರೆ.

ಕೇಳಲು ಸೊಗಸಾದ ಕತೆ. ಆದರೆ ಗೂಡು ತುಂಬಿದ ಹುಣಸೆಮರದ ಕೆಳಗೆ ಹತ್ತು ನಿಮಿಷ ನಿಂತು ನೋಡಿ. ಮೀನಿನ ನಾತ ಮೂಗಿಗೆ ಅಡರುತ್ತದೆ. ಟಪ್ ಎಂದು ಹಿಕ್ಕೆ ಬೀಳುತ್ತದೆ, ಅಂಗಳ ಸುಣ್ಣ ಚೆಲ್ಲಿದಂತೆ ಬೆಳ್ಳಗಾಗುತ್ತದೆ. ಆ ಮರದ ಹುಣಸೆಹಣ್ಣು ಕೈಗೆ ಹತ್ತುವುದು ಅಷ್ಟಕ್ಕಷ್ಟೆ. ಹುಣಸೆಹಣ್ಣೆಂದರೆ ದುಡ್ಡು, ಮರ ಕಡಿದು ಮಾರಿದರೆ ಇನ್ನಷ್ಟು ದುಡ್ಡು. ಈಗ ಅರಣ್ಯ ಇಲಾಖೆ ಗೂಡಿರುವ ಮರಗಳಿಗೆ ಪರಿಹಾರ ಕೊಡುತ್ತದೆ, 2007ರಲ್ಲಿ ಊರು ಸಮುದಾಯ ಮೀಸಲು ಪ್ರದೇಶವೂ ಆಯಿತು. ಪರಿಹಾರವೆಂಬುದು ಹುಟ್ಟುವುದಕ್ಕೂ ಎಷ್ಟೋ ಮೊದಲಿನಿಂದ ಆ ಮನೆಗಳು ನಾತವನ್ನೂ ನಷ್ಟವನ್ನೂ ನುಂಗಿಕೊಂಡು ಬಂದಿವೆ. ಉದುರಿದ ಹಿಕ್ಕೆಯನ್ನು ಗುಡಿಸಿ ಗೊಬ್ಬರವಾಗಿ ಹೊಲಕ್ಕೆ ಹಾಕಿವೆ. ಗೂಡಿನಿಂದ ಬಿದ್ದ ಮರಿಗಳನ್ನು ಎತ್ತಿ ತಂದು, ಮೀನು ಹಾಕಿ ಸಾಕುವ ಊರ ಹುಡುಗರ ಕೂಟವೊಂದಿದೆ, ಹೆಜ್ಜಾರ್ಲೆ ಬಳಗ ಎಂದು.

ನೆಂಟಸ್ತಿಕೆ ಎಂದರೆ ಹಾಗೇ ಅಲ್ಲವೇ? ಮಗಳು ಹೆರಿಗೆಗೆ ಬಂದರೆ ಮನೆಯ ಒಳ್ಳೆಯ ಕೋಣೆ ಅವಳಿಗೆ. ರಾತ್ರಿ ಮಗು ಅತ್ತರೆ ಎಲ್ಲರಿಗೂ ಎಚ್ಚರ. ಖರ್ಚು ಇದ್ದದ್ದೇ. ಖರ್ಚಿಲ್ಲದ್ದು ಪರಿಚಯ, ನಂಟಿಗೆ ಕೈಯಿಂದ ಏನಾದರೂ ಹೋಗಬೇಕು.

ನಾವು ಸಾಮಾನ್ಯವಾಗಿ ಇದನ್ನು ತಿರುಗುಮುರುಗು ಮಾಡಿಕೊಂಡಿರುತ್ತೇವೆ. ಮೊದಲು ನಿಸರ್ಗದ ಮೇಲೆ ಪ್ರೀತಿ ಹುಟ್ಟಬೇಕು, ಆಮೇಲೆ ಆರೈಕೆ ತಾನಾಗಿ ಬರುತ್ತದೆ ಎಂದುಕೊಂಡು, ಆ ಪ್ರೀತಿಯನ್ನು ಹುಡುಕಿ ವಾರದ ಕೊನೆಗೆ ಘಟ್ಟ ಹತ್ತಿ ಜಲಪಾತದ ಮುಂದೆ ನಿಲ್ಲುತ್ತೇವೆ. ಮೈ ಜುಮ್ಮೆನ್ನುತ್ತದೆ, ನಿಜ. ಸೋಮವಾರದ ಹೊತ್ತಿಗೆ ಇಳಿದುಹೋಗುತ್ತದೆ.

ಆರೈಕೆಯೇ ಮೊದಲು ಬಂದದ್ದಕ್ಕೆ ಅಂಕೋಲಾ ತಾಲ್ಲೂಕಿನ ಹೊನ್ನಳ್ಳಿಯ ತುಳಸಿ ಗೌಡರನ್ನು ನೆನೆಯಿರಿ. ಹಾಲಕ್ಕಿ ಒಕ್ಕಲಿನ ಹೆಣ್ಣುಮಗಳು. ಎಳವೆಯಲ್ಲೇ ತಂದೆ ಹೋದರು, ಶಾಲೆಯ ಮುಖ ನೋಡಲಿಲ್ಲ. ತಾಯಿಯ ಸೆರಗು ಹಿಡಿದು ನರ್ಸರಿಗೆ ಹೋದದ್ದು ಕೂಲಿಗಾಗಿ, ಹೊಟ್ಟೆಪಾಡಿಗಾಗಿ. ಬೀಜ ಆರಿಸು, ಮಣ್ಣು ತುಂಬು, ನೀರು ಹನಿಸು. ಅದೇ ಕೆಲಸ ದಶಕಗಳ ಕಾಲ ನಡೆದಾಗ, ಯಾವ ಮರದ ಬೀಜವನ್ನು ಯಾವಾಗ ಆರಿಸಬೇಕು, ಕಾಡಿನಲ್ಲಿ ತಾಯಿಮರ ಯಾವುದು ಎಂಬುದು ಅವರಿಗೆ ಕರತಲಾಮಲಕವಾಯಿತು. ಕಾಡಿನ ವಿಶ್ವಕೋಶ ಎಂದು ಜನ ಕರೆದರು. 2021ರಲ್ಲಿ ಬರಿಗಾಲಲ್ಲೇ ನಡೆದುಹೋಗಿ ಪದ್ಮಶ್ರೀ ಪಡೆದರು. 2024ರ ಡಿಸೆಂಬರಿನಲ್ಲಿ ತೀರಿಕೊಂಡರು. ಕೂಲಿಗೆ ಹೋದ ಕೈಗೆ ಮಣ್ಣು ಹತ್ತಿತು. ಮಣ್ಣು ಹತ್ತಿದ ಕೈಯಿಂದ ಅಕ್ಕರೆ ಮೇಲೇರಿತು.

ಆರೈಕೆಯಿಂದಲೇ ಅಕ್ಕರೆ ಎಂಬುದು ಮಲೆನಾಡಿನ ಹಳಬರಿಗೆ ಗೊತ್ತಿತ್ತು. ಭೂಮಿ ಹುಣ್ಣಿಮೆ ಹಬ್ಬದ ಹೊತ್ತಿಗೆ ಗದ್ದೆಯಲ್ಲಿ ಭತ್ತ ಹೊಡೆ ತುಂಬಿ ನಿಂತಿರುತ್ತದೆ. ಬಸುರಿ ಭೂಮಿಗೆ ಬಯಕೆ ಇರುವುದಿಲ್ಲವೇ? ಮನೆಯ ಹೆಂಗಸರು ಎಡೆ ಒಯ್ಯುವ ಭೂಮಣ್ಣಿ ಬುಟ್ಟಿಗೆ ಚಿತ್ತಾರ ಬರೆದು, ರಾತ್ರಿಯಿಡೀ ನಿದ್ದೆಗೆಟ್ಟು ಕಡುಬು ಬೇಯಿಸಿ, ಹತ್ತಾರು ಬಗೆಯ ಸೊಪ್ಪು ಬೆರೆಸಿ ಅಡುಗೆ ಮಾಡುತ್ತಾರೆ. ನಸುಕಿಗೆ ಗದ್ದೆಯ ಸುತ್ತ ಆ ಅಡುಗೆಯ ಚರಗ ಚೆಲ್ಲಿಸುತ್ತಾರೆ. ಕಾಗೆಗೂ ಒಂದು ಪಾಲು. ವರ್ಷಕ್ಕೊಂದು ರಾತ್ರಿಯ ನಿದ್ದೆಯನ್ನು ಭೂಮಿಗೆ ಬರೆದಿಟ್ಟ ಮನೆಗೆ ಗದ್ದೆ ಬರೀ ಸರ್ವೆ ನಂಬರಾಗಿ ಕಂಡೀತೆ?

ಎಲ್ಲರಿಗೂ ಗದ್ದೆ ಇಲ್ಲ, ಹುಣಸೆಮರವೂ ಇಲ್ಲ. ಆದರೆ ಬಾಲ್ಕನಿಯ ಒಂದು ಮೂಲೆ, ಬೀದಿಬದಿಯ ಹೊಂಗೆ ಸಸಿಗೆ ದಿನಕ್ಕೊಂದು ಚೊಂಬು ನೀರು, ಇಷ್ಟು ಯಾರ ಬಳಿಯಾದರೂ ಇದ್ದೀತು.

ನಮ್ಮ ಸೂರಕ್ಕಿಯ ಮರಿಗಳು ಒಂದು ಭಾನುವಾರ ಹಾರಿಹೋದವು. ನಾನು ನಿದ್ದೆಯಲ್ಲಿದ್ದೆ, ಅಮ್ಮ ನೋಡಿದರಂತೆ. ಗೂಡು ಮಳೆಗೆ ಕರಗಿತು. ಹಗ್ಗವೀಗ ಪೂರ್ತಿ ನಮ್ಮದೇ. ಆದರೂ ಆ ತುದಿಯ ಒಂದು ಮೊಳದಲ್ಲಿ ಅಮ್ಮ ಬಟ್ಟೆ ಹರವುವುದಿಲ್ಲ. ಯಾಕೆಂದು ಕೇಳಿದೆ. "ಇರಲಿ ಬಿಡು, ಬಂದರೆ ಜಾಗ ಬೇಡವಾ" ಅಂದರು.