ಕಂಪನಿಯ ಲೆಕ್ಕವೂ ಕಾರ್ಮಿಕನ ಪಾಲೂ

(ಕಾರ್ಮಿಕರ ಅಭ್ಯಾಸ ಶಿಬಿರದಲ್ಲಿ ಮಾಡಿದ ಭಾಷಣ)



ಬೋನಸ್ಸು, ಕೂಲಿಗಳ ಮಾತುಕತೆಗೆ ಕುಳಿತಾಗಲೆಲ್ಲ ಮೇಜಿನ ಆಚೆ ಕಡೆಯಿಂದ ಬರುವ ಮೊದಲ ಮಾತು, “ಲೆಕ್ಕ ನೋಡಿ, ಈ ವರ್ಷ ನಷ್ಟ.” ಅಚ್ಚಾದ ಪುಸ್ತಕ, ಲೆಕ್ಕ ಪರಿಶೋಧಕರ ರುಜು, ಮೊಹರು. ನಮ್ಮವರು ಅಲ್ಲಿಗೆ ಸುಮ್ಮನಾಗುತ್ತಾರೆ. ಮಳೆ ಬಿಸಿಲಿನಂತೆ ನಷ್ಟವೂ ತಾನಾಗಿ ಬಂದದ್ದೆಂದು ನಂಬುತ್ತಾರೆ. ಲಾಭದ ಅಂಕಿಯಲ್ಲಿ ಆಡಳಿತದವರ ಆಯ್ಕೆ ಎಷ್ಟು ಬೆರೆತಿರುತ್ತದೆ ಎಂಬುದನ್ನು ತೋರಿಸುವುದು ಇಂದಿನ ನನ್ನ ಕೆಲಸ. ನಾನು ಕಾಮರ್ಸ್ ಓದಿದವನಲ್ಲ; ಮೆಟ್ರಿಕ್ ಮುಗಿಸಿ ಹಳ್ಳಿಯ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟವನು. ಈ ವಿಷಯಕ್ಕೆ ಕೂಡುವುದು, ಕಳೆಯುವುದು, ಭಾಗಿಸುವುದು ಬಂದರೆ ಸಾಕು.

ಹಲಗೆಯ ಕಡೆ ನೋಡಿ. ಒಂದು ಯಂತ್ರದ ಬೆಲೆ 30 ಲಕ್ಷ ರೂಪಾಯಿ. ಅದು 15 ವರ್ಷ ಬಾಳುತ್ತದೆಂದು ಬರೆದರೆ ವರ್ಷಕ್ಕೆ 2 ಲಕ್ಷ ಸವಕಳಿ. 10 ವರ್ಷವೆಂದು ಬರೆದರೆ 3 ಲಕ್ಷ. ಸವಕಳಿ ಕಳೆಯುವ ಮೊದಲು ಉಳಿದ ಹಣ ಎರಡೂವರೆ ಲಕ್ಷ ಎನ್ನಿ. ಮೊದಲನೆಯ ಲೆಕ್ಕದಲ್ಲಿ 50 ಸಾವಿರ ಲಾಭ. ಎರಡನೆಯದರಲ್ಲಿ 50 ಸಾವಿರ ನಷ್ಟ. ಯಂತ್ರ ಅದೇ, ದುಡಿದ ಕೈಗಳು ಅವೇ, ಪೆಟ್ಟಿಗೆಗೆ ಬಂದ ಹಣವೂ ಅದೇ. ಬದಲಾದದ್ದು ಯಂತ್ರದ ಆಯುಸ್ಸಿನ ಬಗ್ಗೆ ಆಡಳಿತದವರ ಅಭಿಪ್ರಾಯ ಮಾತ್ರ!

ಇದು ಮೋಸವೇ ಎಂದು ನೀವು ಕೇಳಬಹುದು. ಮೋಸ ಬೇರೆ. 2009ರ ಜನವರಿಯಲ್ಲಿ ಹೈದರಾಬಾದಿನ ಸತ್ಯಂ ಕಂಪನಿಯ ಅಧ್ಯಕ್ಷರೇ, ಬ್ಯಾಂಕಿನಲ್ಲಿ ಇಲ್ಲದ ಹಣವನ್ನು ಇದೆಯೆಂದು ಬರೆದಿದ್ದೆವೆಂದು ಒಪ್ಪಿಕೊಂಡರಲ್ಲ, ಅದು ಮೋಸ. ನಾನು ಹೇಳುತ್ತಿರುವುದು ಕಾನೂನು ಒಪ್ಪುವ ಮಾತು. 2013ರ ಕಂಪನಿ ಕಾಯಿದೆಯ ಎರಡನೆಯ ಅನುಸೂಚಿ ಸಾಮಾನ್ಯ ಯಂತ್ರಕ್ಕೆ 15 ವರ್ಷ, ಕಾರ್ಖಾನೆಯ ಕಟ್ಟಡಕ್ಕೆ 30 ವರ್ಷ ಎಂದು ಆಯುಸ್ಸು ಹೇಳಿದೆ. ಆದರೆ ತಾಂತ್ರಿಕ ಕಾರಣ ಕೊಟ್ಟು, ಅದನ್ನು ಬಹಿರಂಗಪಡಿಸಿ, ಕಂಪನಿ ಬೇರೆ ಆಯುಸ್ಸನ್ನು ಹಿಡಿಯಬಹುದು. ಇಂಥ ಆಯ್ಕೆಗಳನ್ನು ಲೆಕ್ಕದ ಜೊತೆಯಲ್ಲೇ ತಿಳಿಸಬೇಕೆಂಬ ಮೊದಲ ಮಾನದಂಡವನ್ನು ನಮ್ಮ ದೇಶದ ಚಾರ್ಟರ್ಡ್ ಅಕೌಂಟೆಂಟರ ಸಂಸ್ಥೆ ಹೊರಡಿಸಿದ್ದು 1979ರಲ್ಲಿ. ಅಂದಿನಿಂದ ವಾರ್ಷಿಕ ವರದಿಯ ಹಿಂದಿನ ಹಾಳೆಗಳಲ್ಲಿ, ಇರುವೆ ಸಾಲಿನಂಥ ಅಕ್ಷರಗಳಲ್ಲಿ, ಲೆಕ್ಕ ನೀತಿಗಳೆಂಬ ಟಿಪ್ಪಣಿ ಇರುತ್ತದೆ. ನಮ್ಮವರು ಓದದೆ ಬಿಡುವುದು ಅದನ್ನೇ.

ಇನ್ನು ಹೊಸ ಮಾನದಂಡಗಳಿಗೆ ಬರೋಣ. ಅಂತರರಾಷ್ಟ್ರೀಯ ಮಾದರಿಯ ಭಾರತೀಯ ಲೆಕ್ಕ ಮಾನದಂಡಗಳು, ಅಂದರೆ ‘ಇಂಡ್ ಎಎಸ್’, 500 ಕೋಟಿ ಅಥವಾ ಹೆಚ್ಚಿನ ನಿವ್ವಳ ಮೌಲ್ಯದ ಕಂಪನಿಗಳಿಗೆ 2016ರ ಏಪ್ರಿಲ್ 1ರಿಂದ ಕಡ್ಡಾಯವಾದವು. ಬ್ಯಾಂಕು, ವಿಮೆಗಳ ಮಾತು ಬೇರೆ. 250 ಕೋಟಿಯ ಕಂಪನಿಗಳಿಗೆ 2017ರಿಂದ. ಸಣ್ಣ ಗಿರಣಿಗಳು ಹಳೆಯ ಮಾನದಂಡಗಳಲ್ಲೇ ಉಳಿದಿವೆ.

ಹೊಸ ಮಾನದಂಡಕ್ಕೆ ದಾಟುವ ದಿನ ಕಂಪನಿಗೆ ಒಂದು ಸವಲತ್ತಿದೆ. ಹಳೆಯ ಯಂತ್ರ, ಕಟ್ಟಡಗಳನ್ನು ಪುಸ್ತಕದಲ್ಲಿದ್ದ ಬೆಲೆಗೇ ಮುಂದುವರಿಸಬಹುದು. ಇಲ್ಲವೆ ಆ ದಿನದ ನ್ಯಾಯಬೆಲೆ ಕಟ್ಟಿ ಅದನ್ನೇ ಮೂಲ ಬೆಲೆಯೆಂದು ಹಿಡಿಯಬಹುದು. ಮತ್ತೆ ಹಲಗೆ ನೋಡಿ. ಪುಸ್ತಕದಲ್ಲಿ 10 ಲಕ್ಷವಿದ್ದ, ಇನ್ನು 5 ವರ್ಷ ಬಾಳುವ ಯಂತ್ರಕ್ಕೆ ವರ್ಷದ ಸವಕಳಿ 2 ಲಕ್ಷ. ಅದಕ್ಕೆ 25 ಲಕ್ಷ ಬೆಲೆ ಕಟ್ಟಿದರು. ಏರಿದ 15 ಲಕ್ಷ ಯಾವ ವರ್ಷದ ಲಾಭದಲ್ಲೂ ಕಾಣಿಸುವುದಿಲ್ಲ. ನೇರವಾಗಿ ಮೀಸಲಿನ ಮನೆ ಸೇರುತ್ತದೆ. ಸವಕಳಿಯೋ ಇನ್ನು ಮುಂದೆ ವರ್ಷಕ್ಕೆ 5 ಲಕ್ಷ, ಅದೆಲ್ಲ ಲಾಭದಿಂದಲೇ ಕಳೆಯುತ್ತದೆ. ಏರಿಕೆ ಹಿತ್ತಲ ಬಾಗಿಲಿನಿಂದ ಒಳಗೆ ಬಂತು, ಅದರ ಖರ್ಚು ಮಾತ್ರ ಮುಂಬಾಗಿಲಿನಲ್ಲಿ ನಿಂತು ಐದು ವರ್ಷ ನಮ್ಮನ್ನು ತಡೆಯುತ್ತದೆ. ಎಲ್ಲ ಕಂಪನಿಗಳೂ ಹೀಗೆ ಮಾಡಿದವು ಎನ್ನುತ್ತಿಲ್ಲ. ಮಾಡಿದೆಯೋ ಇಲ್ಲವೋ ತಿಳಿಯದೆ ಮಾತುಕತೆಗೆ ಕೂರಬಾರದು ಎನ್ನುತ್ತಿದ್ದೇನೆ.

ಹೊಸದೆಲ್ಲ ಕೆಟ್ಟದ್ದೂ ಅಲ್ಲ. 2019ರ ಏಪ್ರಿಲ್‌ನಿಂದ ದೀರ್ಘ ಕಾಲದ ಗುತ್ತಿಗೆಯ ಬಾಡಿಗೆಯನ್ನು ಸಾಲದಂತೆ ತೋರಿಸಬೇಕು. ವಿಮಾನ ಕಂಪನಿಗಳು, ದೊಡ್ಡ ಅಂಗಡಿಗಳು ಮರೆಯಲ್ಲಿ ಇಟ್ಟಿದ್ದ ಹೊಣೆ ಇದರಿಂದ ಬೆಳಕಿಗೆ ಬಂತು, ಒಳ್ಳೆಯದೇ. ಆದರೆ ಬಾಡಿಗೆಯ ಬದಲು ಸವಕಳಿ, ಬಡ್ಡಿ ಎಂದು ಬರೆಯುವುದರಿಂದ ಗುತ್ತಿಗೆಯ ಮೊದಲ ವರ್ಷಗಳಲ್ಲಿ ಖರ್ಚು ಹೆಚ್ಚು ಕಾಣುತ್ತದೆ, ಕೊನೆಯ ವರ್ಷಗಳಲ್ಲಿ ಕಡಿಮೆ. ಕಟ್ಟಡದ ಯಜಮಾನನಿಗೆ ಒಂದು ಪೈಸೆಯೂ ಹೆಚ್ಚು ಹೋಗಿರುವುದಿಲ್ಲ.

ಈ ಜಗಳ ಹೊಸದಲ್ಲ. 1950ರಲ್ಲಿ ಮುಂಬಯಿ ಗಿರಣಿಗಳ ಬೋನಸ್ ವ್ಯಾಜ್ಯದಲ್ಲಿ ಕಾರ್ಮಿಕ ಮೇಲ್ಮನವಿ ನ್ಯಾಯಮಂಡಲಿ ಒಂದು ಸೂತ್ರ ಹಾಕಿತು. ಲಾಭದಿಂದ ಮೊದಲು ಸವಕಳಿ, ಯಂತ್ರಗಳ ಪುನರ್ಸ್ಥಾಪನೆ, ಆದಾಯ ತೆರಿಗೆ, ಬಂಡವಾಳಕ್ಕೆ ಪ್ರತಿಫಲ, ಇವನ್ನೆಲ್ಲ ಕಳೆದು ಉಳಿದದ್ದರಲ್ಲಿ ಕಾರ್ಮಿಕನ ಪಾಲು. ಪುನರ್ಸ್ಥಾಪನೆ ಎಂಬ ಒಂದೇ ಬಾಬಿನಲ್ಲಿ ಉಳಿತಾಯವೆಲ್ಲ ಕರಗಿಹೋಗುವುದಿತ್ತು. 1961ರಲ್ಲಿ ನೇಮಕವಾದ ಮೆಹರ್ ಆಯೋಗದ ವರದಿಯ ನಂತರ 1965ರ ಬೋನಸ್ ಕಾಯಿದೆ ಆ ಬಾಬನ್ನು ಕೈಬಿಟ್ಟಿತು. ಬೋನಸ್ಸಿಗೆ ಸವಕಳಿಯನ್ನು ಆದಾಯ ತೆರಿಗೆಯ ನಿಯಮದಂತೆಯೇ ಎಣಿಸಬೇಕೆಂದಿತು. ಕಂಪನಿ ತನ್ನ ಪುಸ್ತಕದಲ್ಲಿ ಎಷ್ಟೇ ಸವಕಳಿ ಬರೆದುಕೊಳ್ಳಲಿ, ಬೋನಸ್ಸಿನ ಲೆಕ್ಕಕ್ಕೆ ಅದು ಸಲ್ಲದು. ಇದು ಸಣ್ಣ ಗೆಲುವಲ್ಲ, ಇಂದಿಗೂ ಉಳಿದಿದೆ. ಆದರೆ ಕೂಲಿ ಏರಿಸಿ ಎಂದಾಗ, ಕನಿಷ್ಠ 8.33 ಶೇಕಡಾಕ್ಕಿಂತ ಮೇಲೆ ಕೊಡಿ ಎಂದಾಗ, “ಶಕ್ತಿಯಿಲ್ಲ” ಎನ್ನಲು ಅವರು ತೋರಿಸುವುದು ಅಚ್ಚಾದ ಲಾಭವನ್ನೇ.

1965ರ ಕಾಯಿದೆಯ 23ನೆಯ ಕಲಮು, ಪರಿಶೋಧನೆಯಾದ ಲೆಕ್ಕವನ್ನು ಸರಿಯೆಂದು ಭಾವಿಸಬಹುದು ಎಂದಿತ್ತು. ಅದರ ಜೊತೆಗೇ, ಯಾವುದೇ ಬಾಬಿನ ಬಗ್ಗೆ ಕಾರ್ಮಿಕ ಸಂಘ ವಿವರಣೆ ಕೇಳಿ ಅರ್ಜಿ ಹಾಕಿದರೆ, ಅದು ಅಗತ್ಯವೆಂದು ಕಂಡಲ್ಲಿ ವಿವರಣೆ ಕೊಡುವಂತೆ ಕಂಪನಿಗೆ ಆಜ್ಞೆ ಮಾಡುವ ಅಧಿಕಾರವನ್ನೂ ಕೊಟ್ಟಿತ್ತು. ಆ ಕಾಯಿದೆಯ ಜಾಗದಲ್ಲಿ 2025ರ ನವೆಂಬರ್ 21ರಿಂದ 2019ರ ವೇತನ ಸಂಹಿತೆ ಜಾರಿಗೆ ಬಂದಿದೆ. ಅದರ 31ನೆಯ ಕಲಮಿನ ಪ್ರಕಾರ ಕಂಪನಿಗಳ ಪರಿಶೋಧಿತ ಲೆಕ್ಕವನ್ನು ಸಾಮಾನ್ಯವಾಗಿ ಪ್ರಶ್ನಿಸುವಂತಿಲ್ಲ. ವಿವಾದವೆದ್ದರೆ ಅಧಿಕಾರಿ ಅಢಾವೆ ಪತ್ರಿಕೆಯನ್ನು ತರಿಸಿಕೊಳ್ಳಬಹುದು. ಆದರೆ ಮಾಲೀಕನ ಒಪ್ಪಿಗೆಯಿಲ್ಲದೆ ಅದರಲ್ಲಿರುವುದನ್ನು ಹೊರಗೆ ಹೇಳಕೂಡದು. ಷೇರು ಪೇಟೆಯಲ್ಲಿರುವ ಕಂಪನಿಯ ಇದೇ ಪತ್ರಿಕೆ ಊರಿಗೆಲ್ಲ ಬಹಿರಂಗ. ಮುಂಬಯಿಯ ದಲ್ಲಾಳಿ ನೋಡಬಹುದಾದದ್ದು, ಅದನ್ನು ದುಡಿದು ತುಂಬಿಸಿದವನಿಗೆ ಕಚೇರಿಯಲ್ಲಿ ಗುಟ್ಟು! ಈ ಕಲಮಿನ ವಿರುದ್ಧ ಸಂಘಗಳು ನಿರ್ಣಯ ಮಾಡಿ ಕಳಿಸಬೇಕು.

ಕಲಮು ಬದಲಾಗುವವರೆಗೆ ನಾವು ಕೈಕಟ್ಟಿ ಕೂರಬೇಕಾಗಿಲ್ಲ. ಬೇಡಿಕೆಯ ಪಟ್ಟಿಯಲ್ಲೇ, ಲೆಕ್ಕ ನೀತಿ ಅಥವಾ ಯಂತ್ರದ ಆಯುಸ್ಸು ಬದಲಾದ ವರ್ಷ ಅದರಿಂದ ಲಾಭ ಎಷ್ಟು ಏರಿತು, ಎಷ್ಟು ಇಳಿಯಿತು ಎಂಬುದನ್ನು ಸಂಘಕ್ಕೆ ಲಿಖಿತವಾಗಿ ಕೊಡಬೇಕೆಂಬ ಷರತ್ತನ್ನು ಸೇರಿಸಿ. ಹೊಸ ಮಾನದಂಡಕ್ಕೆ ದಾಟಿದ ಮೊದಲ ವರ್ಷದ ವರದಿಯಲ್ಲಿ ಹಳೆಯ ಲಾಭಕ್ಕೂ ಹೊಸ ಲಾಭಕ್ಕೂ ಹೊಂದಾಣಿಕೆಯ ಪಟ್ಟಿ ಕೊಡುವುದು ಕಡ್ಡಾಯ. ಆ ಹಾಳೆಯನ್ನು ಹುಡುಕಿ ತೆಗೆಯಿರಿ. ಊಟದ ನಂತರದ ತರಗತಿಗೆ ಪ್ರತಿ ಘಟಕದವರೂ ತಮ್ಮ ಕಂಪನಿಯ ಕಳೆದ ಎರಡು ವರ್ಷದ ವರದಿಗಳನ್ನು ತನ್ನಿ. ಸವಕಳಿಯ ಟಿಪ್ಪಣಿಯಿಂದ ಓದಲು ಪ್ರಾರಂಭಿಸೋಣ.